ಕಲಾಯಿ ಹೋದ ಹಂಡೆ

ನಂದಿದುರ್ಗದ ನಮ್ಮ ಮನೆಗೆ ಬಂದವರ ಕಣ್ಣು ಮೊದಲು ಬೀಳುತ್ತಿದ್ದದ್ದು ತಾಮ್ರದ ಮೇಲೆ. ಕೋಲಾರದ ಚಿನ್ನದ ಗಣಿ ನಡೆಯುತ್ತಿದ್ದ ಕಾಲದ ಸಾಲುಮನೆ ಅದು. ತಗಡಿನ ಸೂರು, ಮುಂದೊಂದು ಕೋಣೆ, ನಡುವೆ ಅಡುಗೆಯ ಜಾಗ, ಹಿಂದೆ ಅಪ್ಪ ತಾನೇ ಇಟ್ಟಿಗೆ ಜೋಡಿಸಿ ಎಬ್ಬಿಸಿದ ಬಚ್ಚಲು. ಗಣಿ ಮುಚ್ಚಿ ಜನ ಖಾಲಿ ಮಾಡಿದ ಮನೆಗಳಲ್ಲಿ ಕಾರ್ಖಾನೆಯ ಕೆಲಸಕ್ಕೆಂದು ಬಂದ ನಮ್ಮಂಥವರು ಸೇರಿಕೊಂಡಿದ್ದೆವು. ಗೋಡೆಗೆ ಮೊಳೆ ಹೊಡೆದರೆ ಪಕ್ಕದ ಮನೆಯವರು ಕೂಗುತ್ತಿದ್ದರು. ಇಷ್ಟು ಚಿಕ್ಕ ಮನೆಯಲ್ಲೂ ಅಜ್ಜಿಯ ತಾಮ್ರಕ್ಕೆ ಜಾಗದ ಕೊರತೆ ಇರಲಿಲ್ಲ. ಅಡುಗೆಯ ಮೂಲೆಯಲ್ಲಿ ಕುಡಿಯುವ ನೀರಿನ ಬಿಂದಿಗೆಗಳು, ದೇವರ ಮುಂದೆ ತೀರ್ಥದ ಚೊಂಬು, ಬಚ್ಚಲಲ್ಲಿ ನಾನು ಒಳಗೆ ಕೂತರೆ ಹೊರಗೆ ಕಾಣದಷ್ಟು ದೊಡ್ಡ ಹಂಡೆ. ಬೇತಮಂಗಲದ ನೀರು ನಲ್ಲಿಗೆ ಬರುತ್ತಿದ್ದದ್ದು ವಾರಕ್ಕೊಮ್ಮೆ, ಕೆಲವು ಸಲ ಅದೂ ಇಲ್ಲ. ಬಂದ ದಿನ ಎಲ್ಲವನ್ನೂ ತುಂಬಿಸಿ, ಬಾಯಿಗೆ ಬಟ್ಟೆ ಕಟ್ಟಿ, ಮೇಲೆ ತಟ್ಟೆ ಮುಚ್ಚಬೇಕು. ಬೇಸಿಗೆಯ ಗಾಳಿಗೆ, ಚಿನ್ನ ತೆಗೆದ ಮೇಲೆ ಗಣಿಯವರು ಸುರಿದಿದ್ದ ಸೈನೈಡ್ ದಿಬ್ಬದ ಬೂದು ಪುಡಿ ಎದ್ದು ಬಂದು ಅನ್ನದ ಮೇಲೂ ಕೂರುತ್ತಿತ್ತು. ಆ ಪುಡಿ ನೀರಿಗೆ ಬೀಳಬಾರದು ಎಂಬ ವಿಷಯದಲ್ಲಿ ಅಜ್ಜಿ ಬಹಳ ಕಟ್ಟುನಿಟ್ಟು.

ಶುಕ್ರವಾರ ತಾಮ್ರ ಬೆಳಗುವ ದಿನ. ಹುಣಸೆಹಣ್ಣಿಗೆ ಉಪ್ಪು, ಬೂದಿ ಸೇರಿಸಿ ತೆಂಗಿನ ನಾರಿನಿಂದ ಉಜ್ಜಿ, ಬಿಸಿಲಿಗೆ ಬೋರಲು ಹಾಕಬೇಕು. ಮೊದಲು ಅದು ಅಮ್ಮನ ಕೆಲಸವಾಗಿತ್ತು. ಅಜ್ಜಿ ಪಾತ್ರೆಯನ್ನು ಬೆಳಕಿಗೆ ಹಿಡಿದು ತಿರುಗಿಸುತ್ತಿದ್ದಳು. ಒಂದು ಕಲೆ ಕಂಡರೆ ಅಮ್ಮನ ತವರಿನವರನ್ನೆಲ್ಲ ಒಬ್ಬೊಬ್ಬರಾಗಿ ಎಳೆದು ತಂದು ಅಂಗಳದಲ್ಲಿ ನಿಲ್ಲಿಸುತ್ತಿದ್ದಳು. ಚಿಕ್ಕಪ್ಪ ಮಂಜುನಾಥನಿಗೆ ಮದುವೆಯಾಗಿ, ಬೇತಮಂಗಲದ ಕಡೆಯ ಹಳ್ಳಿಯಿಂದ ನಾಗರತ್ನ ಎಂಬ ಹುಡುಗಿ ನಮ್ಮ ಮನೆಗೆ ಬಂದಳು. ಹುಣಸೆಹಣ್ಣು ಅವಳ ಕೈಗೆ ಹೋಯಿತು, ಬೈಗುಳವೂ ಜೊತೆಗೆ ಹೋಯಿತು. ಅಮ್ಮ ಆ ಮನೆಯಲ್ಲಿ ಮೊದಲ ಸಲ ಮಧ್ಯಾಹ್ನ ಮಲಗಿದ್ದನ್ನು ನಾನು ನೋಡಿದ್ದು ಆಗ.

ನಾಗು ಚಿಕ್ಕಮ್ಮ ಕೂಲಿಯವರ ಮನೆಯ ಮಗಳು. ತವರಿನಿಂದ ತಾಮ್ರ ತಂದಿರಲಿಲ್ಲ. 'ಮಡಕೆ ಮನೆಯೋಳು' ಎಂದು ಅಜ್ಜಿ ಅವಳಿಗೆ ಇಟ್ಟ ಹೆಸರು. ಊಟದಲ್ಲಿ ಒಂದು ಕ್ರಮವಿತ್ತು: ಮೊದಲು ಗಂಡಸರು, ಆಮೇಲೆ ನಾನು, ಆಮೇಲೆ ಅಜ್ಜಿ, ಅಮ್ಮ. ಕೊನೆಗೆ ಚಿಕ್ಕಮ್ಮ ಕೂರುವ ಹೊತ್ತಿಗೆ ಮುದ್ದೆ ಇದ್ದರೆ ಸಾರು ಇರುತ್ತಿರಲಿಲ್ಲ. ಅದಕ್ಕೆ ಅವಳು ಸೆರಗಿನ ತುದಿಯಲ್ಲಿ ಹುರಿಗಡಲೆ ಕಟ್ಟಿಕೊಂಡಿರುತ್ತಿದ್ದಳು. ಒಲೆಯ ಮುಂದೆ ಕೂತು, ಯಾರೂ ಇಲ್ಲದಾಗ ಗಂಟು ಬಿಚ್ಚಿ ಬಾಯಿಗೆ ಹಾಕಿಕೊಳ್ಳುವಳು. ನಾನು ಕಂಡರೆ ನನಗೂ ಒಂದಿಷ್ಟು ಕೊಡುವಳು. ಅದು ನಮ್ಮಿಬ್ಬರ ನಡುವಿನ ಪೂರ್ತಿ ಸ್ನೇಹ. ಅದಕ್ಕಿಂತ ಹೆಚ್ಚೇನೂ ಇರಲಿಲ್ಲ.

ಅಪ್ಪ ಕಾರ್ಖಾನೆಯಲ್ಲಿ ಕಾಯಂ, ಚಿಕ್ಕಪ್ಪ ಗುತ್ತಿಗೆ. ಅಜ್ಜಿ ತುಪ್ಪವನ್ನು ಅಪ್ಪನಿಗೆ ಗೌರವಕ್ಕೆ ಬಡಿಸುತ್ತಿದ್ದಳು, ಚಿಕ್ಕಪ್ಪನಿಗೆ ಪ್ರೀತಿಗೆ. ಈಚಲ ಹೆಂಡದ ಅಂಗಡಿಗಳು ಮುಚ್ಚಿದ ಮೇಲೆ ಚಿಕ್ಕಪ್ಪ ಆಂಧ್ರದ ಗಡಿ ದಾಟಿ ಕುಡಿದು ಬರತೊಡಗಿದ. ಒಂದು ಸಂಜೆ ಸೈಕಲ್ ಸಮೇತ ಮೋರಿಗೆ ಬಿದ್ದವನನ್ನು ನಾಲ್ಕು ಜನ ಹೊತ್ತು ತಂದರು. ಅಜ್ಜಿ ಅವನ ಮುಖ ಒರೆಸುತ್ತ ತೀರ್ಮಾನ ಹೇಳಿದಳು:

"ಗಡಿ ದಾಟಿ ಓಗಿ ಸಾಯೋದು ಬ್ಯಾಡ ಕಣ್ಲಾ ಮಂಜ. ಏನ್ ಕುಡೀತೀಯೋ ಮನ್ಯಾಗೇ ಮಾಡ್ಕಂಡು ಕುಡಿ. ನನ್ ಕಣ್ಮುಂದೆ ಇರ್ತೀಯ."

ಪಕ್ಕದ ಸಾಲಿನ ಕ್ರೈಸ್ತ ಮನೆಯವರು ಕ್ರಿಸ್‌ಮಸ್ಸಿಗೆ ದ್ರಾಕ್ಷಿ ವೈನು ಹಾಕುತ್ತಿದ್ದರು, ದೊಡ್ಡ ಪಿಂಗಾಣಿ ಜಾಡಿಯಲ್ಲಿ. ಚಿಕ್ಕಪ್ಪ ಅವರಿಂದ ಎಲ್ಲವನ್ನೂ ಕಲಿತ, ಜಾಡಿಯೊಂದನ್ನು ಬಿಟ್ಟು. ಜಾಡಿ ಎಷ್ಟು ಹಿಡಿಯುತ್ತದೆ, ಬಚ್ಚಲ ಹಂಡೆ ಎಷ್ಟು ಹಿಡಿಯುತ್ತದೆ ಎಂಬುದಷ್ಟೇ ಅವನ ಯೋಚನೆ. ಸ್ನಾನದ ನೀರಿಗೆ ಪ್ಲಾಸ್ಟಿಕ್ ಡ್ರಮ್ಮು ಬಂತು, ಹಂಡೆ ಚಿಕ್ಕಪ್ಪನದಾಯಿತು. ಬಂಗಾರಪೇಟೆ ಮಾರುಕಟ್ಟೆಯಲ್ಲಿ ಸಂಜೆಗೆ ಉಳಿದ, ಒಡೆದ ದ್ರಾಕ್ಷಿಯನ್ನು ಗೋಣಿಯಲ್ಲಿ ತಂದು, ಕಾಲಲ್ಲಿ ತುಳಿದು, ಬೆಲ್ಲ ಸೇರಿಸಿ, ಬಾಯಿಗೆ ಒದ್ದೆ ಗೋಣಿ ಹೊದಿಸಿ ಹುಳಿಬರಲು ಬಿಡುತ್ತಿದ್ದ. ಹಂಡೆಯೊಳಗಿನ ಕಲಾಯಿ, ಅಂದರೆ ತಾಮ್ರಕ್ಕೆ ಒಳಗಡೆ ಹಚ್ಚುವ ತವರದ ಬಿಳಿ ಲೇಪ, ಎಂದೋ ಸವೆದಿತ್ತು. ಉಳಿದದ್ದನ್ನು ಆ ಹುಳಿಯೇ ತಿಂದಿತು. ರಸ ಇಳಿದ ಮೇಲೆ ಹಂಡೆಯ ಒಳಗೋಡೆಯಲ್ಲಿ ಹಸಿರು ಗೆರೆಯೊಂದು ಬಳೆಯಂತೆ ನಿಲ್ಲುತ್ತಿತ್ತು. ಗುಜರಿಯಿಂದ ತಂದ ತಾಮ್ರದ ಕೊಳವೆಯ ಒಂದು ತುದಿ ಹಂಡೆಗೆ, ಇನ್ನೊಂದು ತುದಿ ಬಾಯಿಗೆ ಇಟ್ಟು ಚಿಕ್ಕಪ್ಪ ಬಚ್ಚಲ ಕಟ್ಟೆಯ ಮೇಲೆ ಕೂರುತ್ತಿದ್ದ. ಅದು ಹೆಂಡವಲ್ಲ, ಹಣ್ಣು ಎಂದು ಅಜ್ಜಿ ನೆರೆಹೊರೆಗೆ ಹೇಳಿದಳು.

ಒಂದು ಶುಕ್ರವಾರ ಹಂಡೆ ಉಜ್ಜುತ್ತಿದ್ದ ನಾಗು ಚಿಕ್ಕಮ್ಮ ತಲೆ ಎತ್ತದೆ ಹೇಳಿದ್ದು ನನಗೆ ಸ್ಪಷ್ಟವಾಗಿ ನೆನಪಿದೆ:

"ಅತ್ತೆ, ಇದ್ಕೆ ಕಲಾಯಿ ಪೂರ್ತಿ ಓಗೈತೆ. ಕಲಾಯಿ ಇಲ್ದಿರೋ ತಾಮ್ರದಾಗೆ ಉಳಿ ಇಕ್ಕಿದ್ರೆ ವಿಷ ಆಯ್ತದೆ ಅಂತ ನಮ್ಮವ್ವ ಅಂತಿದ್ಳು."

"ನಿಮ್ಮವ್ವನ ಮನ್ಯಾಗೆ ತಾಮ್ರ ಎಲ್ಲಿತ್ತೇ? ತಾಮ್ರ ವಿಷ ಆಗಿದ್ರೆ ತೀರ್ಥ ಕುಡ್ದು ಪೂಜಾರಪ್ಪ ಎಂದೋ ಸಾಯ್ಬೇಕಿತ್ತು. ಉಜ್ಜು, ಬಾಯ್ ಮುಚ್ಕಂಡು."

ಚಿಕ್ಕಮ್ಮ ಹಂಡೆ ಉಜ್ಜಿ ಮುಗಿಸಿದಳು. ಅಜ್ಜಿ ಆ ಮಾತನ್ನು ಮರೆಯಲಿಲ್ಲ ಎಂಬುದು ಆಮೇಲೆ ಗೊತ್ತಾಯಿತು.

ಚಿಕ್ಕಪ್ಪನಿಗೆ ಮೊದಲು ಬೆಳಗಿನ ವಾಂತಿ ಶುರುವಾಯಿತು. ಆಮೇಲೆ ಹೊಟ್ಟೆ ಹಿಂಡುವ ನೋವು. ಬಾಯಿ ರುಚಿ ಕೆಟ್ಟಿತು. 'ಕಾಸು ಕಚ್ಕಂಡಿರೋ ಅಂಗೈತೆ' ಎನ್ನುತ್ತಿದ್ದ. ವೈದ್ಯರು ಹೊಟ್ಟೆಯುರಿಯ ಮಾತ್ರೆ ಕೊಟ್ಟು, ಕುಡಿಯುತ್ತೀಯಾ ಎಂದು ಕೇಳಿದರು. ಇಲ್ಲ ಸಾರ್, ಹಣ್ಣಿನ ರಸ ಅಷ್ಟೇ ಎಂದ. ಯಾವ ಪಾತ್ರೆಯಲ್ಲಿ ಎಂದು ಅವರು ಕೇಳಲಿಲ್ಲ. ಅಜ್ಜಿ ಪಿತ್ತ ಎಂದು ತೀರ್ಮಾನಿಸಿ ತನ್ನ ಚಿಕಿತ್ಸೆ ಶುರುಮಾಡಿದಳು: ಸಂಜೆ ತಾಮ್ರದ ಚೊಂಬಿಗೆ ನೀರು, ನಿಂಬೆಹಣ್ಣು, ಉಪ್ಪು, ಜೀರಿಗೆ, ಬೆಳಿಗ್ಗೆ ಬರಿಹೊಟ್ಟೆಗೆ ಅದನ್ನು ತಾನೇ ಕುಡಿಸುವುದು. ಚಿಕ್ಕಪ್ಪ ಕುಡಿಯುತ್ತಿದ್ದ, ಬಚ್ಚಲಿಗೆ ಓಡುತ್ತಿದ್ದ. ನೋವು ತಡೆಯಲು ಸಂಜೆ ಮತ್ತೆ ಹಂಡೆಯ ಹತ್ತಿರ ಹೋಗುತ್ತಿದ್ದ. ಮಗ ಸೊರಗಿದಷ್ಟೂ ಅಜ್ಜಿ ನಿಂಬೆಹಣ್ಣು ಹೆಚ್ಚಿಸಿದಳು.

ನಮ್ಮ ಕಡೆ ಗಂಡಸು ಕಾರಣ ತಿಳಿಯದೆ ಸೊರಗಿದರೆ 'ಮದ್ದು ಬಿದ್ದಿದೆ' ಎನ್ನುವುದುಂಟು. ಗಂಡನನ್ನು ಹಿಡಿತದಲ್ಲಿಡಲು ಹೆಂಡತಿ ಊಟದಲ್ಲಿ ಏನೋ ಬೆರೆಸುತ್ತಾಳೆ, ಅದು ಹೊಟ್ಟೆಯಲ್ಲಿ ಬೇರು ಬಿಡುತ್ತದೆ ಎಂಬ ನಂಬಿಕೆ. ಸೊಪ್ಪಿನ ರಸ ಕುಡಿಸಿ, ವಾಂತಿ ಮಾಡಿಸಿ ಅದನ್ನು ಹೊರತೆಗೆಯುವವರು ಅಲ್ಲಲ್ಲಿ ಇದ್ದಾರೆ. ಬಂಗಾರಪೇಟೆಯಿಂದ ಆಚೆಯ ಒಂದು ಹಳ್ಳಿಯಲ್ಲಿ ಅಂಥವನೊಬ್ಬನಿದ್ದ. ಜನ ಅವನನ್ನು ಮದ್ದಿನ ತಾತ ಎನ್ನುತ್ತಿದ್ದರು. ಅಜ್ಜಿ ಚಿಕ್ಕಪ್ಪನನ್ನು ಬೆಳಗಿನ ರೈಲಿನಲ್ಲಿ ಅಲ್ಲಿಗೆ ಕರೆದುಕೊಂಡು ಹೋಗಿ, ಒಂದು ಪರೀಕ್ಷೆ ಕಲಿತು ಬಂದಳು. ತಾಮ್ರದ ಚೊಂಬಿಗೆ ನಿಂಬೆಹಣ್ಣು ಹಿಂಡಿ, ಕಲ್ಲುಪ್ಪು ಹಾಕಿ, ರೋಗಿಯ ತಲೆದಿಂಬಿನ ಪಕ್ಕ ಇಡಬೇಕು. ಬೆಳಿಗ್ಗೆ ಹಸಿರಾದರೆ ಮದ್ದು. ಆಗದಿದ್ದರೆ ಬರೀ ಕಾಯಿಲೆ.

ಬೆಳಿಗ್ಗೆ ಅಜ್ಜಿ ಆ ನೀರನ್ನು ಬಿಳಿ ಬಟ್ಟಲಿಗೆ ಬಗ್ಗಿಸಿದಳು. ಹಸಿರು. ನಾನೂ ನೋಡಿದೆ, ಅದರಲ್ಲಿ ಸುಳ್ಳಿರಲಿಲ್ಲ. ಅಜ್ಜಿ ಇಷ್ಟು ದಿನ ಕುಡಿಸಿದ್ದೂ ಇದೇ ನೀರು. ಚೊಂಬಿನಿಂದ ನೇರ ಬಾಯಿಗೆ ಹೋಗುತ್ತಿದ್ದುದರಿಂದ ಬಣ್ಣವನ್ನು ಯಾರೂ ನೋಡಿರಲಿಲ್ಲ. ಅವತ್ತು ವಿಚಾರಣೆ ಅಡುಗೆಯ ಜಾಗದಲ್ಲೇ ನಡೆಯಿತು. ಚಿಕ್ಕಮ್ಮ ಒಲೆಯ ಮುಂದೆ ಕೂತಿದ್ದಳು. ಅಪ್ಪ ಇದು ಹೆಂಗಸರ ವಿಷಯ ಎಂದು ಪಾಳಿಗೆ ಹೊರಟುಹೋದ. ಅಜ್ಜಿ ಅಮ್ಮನನ್ನು ಕೇಳಿದಳು:

"ನೀನು ದಿನಾ ಜೊತ್ಯಾಗಿರ್ತೀಯ. ಇವಳ ಕೈಯಾಗೆ ಏನಾರ ಕಂಡಿದ್ದೀಯೇನೇ?"

ಅಮ್ಮ ಅಕ್ಕಿ ಆರಿಸುತ್ತಿದ್ದಳು. ಮೊರದಿಂದ ಕಣ್ಣು ತೆಗೆಯಲಿಲ್ಲ.

"ಸೆರಗಿನ ಗಂಟಿನಾಗೆ ಏನೋ ಇಟ್ಕಂಡಿರ್ತಾಳೆ. ಒಲೆ ಮುಂದೆ ಬಿಚ್ತಾಳೆ. ನಾನ್ ಕೇಳಕ್ಕೋಗಿಲ್ಲ."

ಅದು ಕಡಲೆ ಎಂದು ಅಮ್ಮನಿಗೆ ಗೊತ್ತಿತ್ತೇ ಇಲ್ಲವೇ, ನಾನು ಖಚಿತವಾಗಿ ಹೇಳಲಾರೆ. ನನಗಂತೂ ಗೊತ್ತಿತ್ತು. ಹೇಳಿದೆ:

"ಅದು ಹುರಿಗಡ್ಲೆ ಅಜ್ಜಿ. ನಂಗೂ ಕೊಡ್ತಾಳೆ."

ಅಜ್ಜಿ ನನ್ನನ್ನು ನೋಡಿದ ರೀತಿ ಬದಲಾಯಿತು. ಸಿಟ್ಟಲ್ಲ, ಗಾಬರಿ.

"ಅಯ್ಯೋ, ಮಗೀಗೂ ತಿನ್ಸಿಬಿಟ್ಟವ್ಳೆ! ಅದ್ಕೇ ಇವಳು ಅವಳ ಪರ ಮಾತಾಡ್ತಾ ಅವ್ಳೆ. ಮದ್ದು ಮಾತಾಡುಸ್ತಾ ಐತೆ."

ಮುಂದಿನ ರೈಲಿಗೆ ನನ್ನನ್ನೂ ಕರೆದುಕೊಂಡು ಹೋದರು. ಮದ್ದಿನ ತಾತ ಬಾಯಿಗೆ ಸುರಿದ ಸೊಪ್ಪಿನ ರಸಕ್ಕೆ ನಾನು ಬೂದಿ ಹರಡಿದ ಮೊರದ ಮೇಲೆ ಹಸಿರು ಹಸಿರಾಗಿ ಕಾರಿಕೊಂಡೆ. ಅವನು ಅದರಲ್ಲಿ ಕಡ್ಡಿ ಆಡಿಸಿ ಒಂದು ಕಪ್ಪು ಉಂಡೆ ಎತ್ತಿ ತೋರಿಸಿದ. ಅದು ಎಲ್ಲಿಂದ ಬಂತು ಎಂದು ನಾನು ನೋಡಲಿಲ್ಲ. ಕಣ್ಣಲ್ಲಿ ನೀರು ತುಂಬಿತ್ತು. ಈಗ ಏನು ಹೇಳುತ್ತೀ ಎಂದು ಅಜ್ಜಿ ಕೇಳಿದಾಗ ನಾನು ಮತ್ತೆ ಕಡಲೆ ಎಂದೆ. ತಾತ ಇನ್ನೊಂದು ಲೋಟ ರಸ ಕೈಗೆತ್ತಿಕೊಂಡ. ನಾನು ಸುಮ್ಮನಾದೆ. ನಮ್ಮ ಮನೆಯಲ್ಲಿ ಸಾಕ್ಷಿ ಹೇಳುವುದು ಹೇಗೆ ಕೊನೆಯಾಗುತ್ತದೆ ಎಂಬುದನ್ನು ನಾನು ಕಲಿತದ್ದು ಹಾಗೆ. ಮನೆಯಲ್ಲಿ ಆಮೇಲೆ ನಾನು ಹೆಚ್ಚು ನೋಡುವವಳಾದೆ, ಕಡಿಮೆ ಮಾತಾಡುವವಳಾದೆ.

ಕೊನೆಯ ಪಂಚಾಯ್ತಿಗೆ ಬೇತಮಂಗಲದಿಂದ ಚಿಕ್ಕಮ್ಮನ ಅಣ್ಣನನ್ನು ಕರೆಸಿದರು. ಭಾನುವಾರದ ಬೆಳಿಗ್ಗೆ, ಸಾಲಿನ ಹೆಂಗಸರೆಲ್ಲ ನೀರು ಹಿಡಿಯುವುದು ಬಿಟ್ಟು ನಮ್ಮ ಅಂಗಳದ ಸುತ್ತ ನಿಂತಿದ್ದರು. ಚಿಕ್ಕಪ್ಪ ಕಂಬಳಿ ಹೊದ್ದು ಜಗಲಿಯ ಮೇಲೆ ಒರಗಿದ್ದ. ನಾಗು ಚಿಕ್ಕಮ್ಮ ತಾನು ಏನೂ ಹಾಕಿಲ್ಲವೆಂದು ಕರ್ಪೂರ ಮುಟ್ಟಿ ಹೇಳಿದಳು. ತಪ್ಪು ಹಂಡೆಯದು ಎಂದಳು. ಅಜ್ಜಿ ಕಾದಿದ್ದ ಮಾತು ಅದು.

"ಕೇಳುದ್ರಾ ಎಲ್ರೂ? ಯಾತರಾಗೆ ಏನಿಕ್ಕಿದ್ರೆ ವಿಷ ಆಯ್ತದೆ ಅಂತ ಇವಳ್ಗೆ ಮೊದ್ಲೇ ಗೊತ್ತು. ಇವರವ್ವ ಕಲ್ಸಿ ಕಳ್ಸವ್ಳೆ. ಅದನ್ನ ನನ್ ಮುಂದೇನೇ ಒಂದ್ಸಲ ಯೋಳಿದ್ಳು."

ಆಮೇಲೆ ಹಿಂದಿನ ರಾತ್ರಿ ಮಗನ ತಲೆದಿಂಬಿನ ಪಕ್ಕ ಇಟ್ಟಿದ್ದ ಹಸಿರು ನೀರಿನ ಚೊಂಬನ್ನು ಅವಳ ಮುಂದೆ ಇಟ್ಟಳು.

"ನೀನು ಆಕಿಲ್ಲ ಅಂದ್ರೆ ಕುಡಿ. ಆಕಿದೋಳ್ ಒಟ್ಟೇಲಿ ಅವಳ್ ಮದ್ದು ನಿಲ್ಲಲ್ಲ. ನಿಂತ್ರೆ ನಾನೇ ನಿನ್ ಕಾಲಿಗ್ ಬೀಳ್ತೀನಿ."

ಚಿಕ್ಕಮ್ಮ ಗಂಡನ ಕಡೆ ನೋಡಿದಳು. ಅವನು ಕಂಬಳಿಯನ್ನು ಸರಿಪಡಿಸಿಕೊಂಡ. ಅಣ್ಣನಿಗೆ ತಂಗಿಯ ಮೇಲೆ ಪೂರ್ತಿ ನಂಬಿಕೆಯಿತ್ತು. ಅದೇ ಅವಳಿಗೆ ಮುಳುವಾಯಿತು.

"ಕುಡಿಯಮ್ಮ ನಾಗು. ಕುಡ್ದು ತೋರ್ಸು ಇವರ್ಗೆ. ನಮ್ಗೇನ್ ಭಯ?"

ಅವಳು ಚೊಂಬನ್ನು ಎರಡೂ ಕೈಯಲ್ಲಿ ಎತ್ತಿ, ನಿಲ್ಲಿಸದೆ, ಕೊನೆಯ ಗುಟುಕಿನವರೆಗೆ ಕುಡಿದಳು. ಖಾಲಿ ಚೊಂಬನ್ನು ಬೋರಲು ಹಾಕಿ ತೋರಿಸಿದಳು. ಒಂದಷ್ಟು ಹೊತ್ತು ಏನೂ ಆಗಲಿಲ್ಲ. ಅಣ್ಣನ ಮುಖದಲ್ಲಿ ನಗು ಬರತೊಡಗಿತ್ತು. ಆಮೇಲೆ ಅವಳ ತುಟಿ ಬಿಳಿಚಿಕೊಂಡಿತು. ಬಾಯಿಗೆ ಸೆರಗು ಒತ್ತಿ ಹಿಡಿದಳು, ಮೂಗಿನಿಂದ ಉಸಿರೆಳೆದಳು, ನುಂಗಿದಳು, ಮತ್ತೆ ನುಂಗಿದಳು. ಅಷ್ಟು ಹಟದಿಂದ ವಾಂತಿಯನ್ನು ತಡೆದವರನ್ನು ನಾನು ಬೇರೆ ಕಂಡಿಲ್ಲ. ಕೊನೆಗೆ ಅದು ಬೆರಳ ಸಂದಿಯಿಂದಲೇ ಬಂತು. ಅಂಗಳದ ಸುತ್ತ ಒಂದು ಉಸಿರು ಬಿಟ್ಟ ಸದ್ದಾಯಿತು. ನೆರೆಮನೆಯ ಹೆಂಗಸೊಬ್ಬಳು, ಜೋರಾಗಿಯೇ, ತಮಿಳು ಬೆರೆಸಿ ಹೇಳಿದಳು:

"ಪಾರು ಪಾರು, ನೋಡ್ರೇ, ಅವಳದು ಅವಳಿಗೇ ವಾಪಸ್ ಬಂತು."

ಅಣ್ಣ ಅವಳ ಬಟ್ಟೆಯ ಚೀಲ ಎತ್ತಿಕೊಂಡು ಮುಂದೆ ನಡೆದ. ಅವಳು ಬಾಯಿ ಒರೆಸುತ್ತ ಹಿಂದೆ ಹೋದಳು. ಬಸ್ ನಿಲ್ದಾಣದವರೆಗೂ ಅವನು ತಿರುಗಿ ನೋಡಲಿಲ್ಲವಂತೆ, ಇದು ಕೇಳಿದ್ದು. ವಾಂತಿಯನ್ನು ತೊಳೆದದ್ದು ಅಮ್ಮ. ಮರುದಿನದಿಂದ ಹುಣಸೆಹಣ್ಣೂ ಅಮ್ಮನ ಕೈಗೆ ವಾಪಸ್ ಬಂತು.

ಹೋದವಳ ಜಾಗಕ್ಕೆ ಅಜ್ಜಿ ಬೇಗ ಇನ್ನೊಂದು ಹೆಣ್ಣು ನೋಡಿದಳು. ಹೆಣ್ಣಿನ ಕಡೆಯವರ ಕಣ್ಣಿಗೆ ಬೀಳಬಾರದೆಂದು ಹಂಡೆಯ ರಸ ಮೋರಿಗೆ ಹೋಯಿತು, ಕೊಳವೆ ಅಟ್ಟಕ್ಕೆ ಹೋಯಿತು. ಮಗನ ಪರೀಕ್ಷೆಯೂ ಪಿತ್ತದ ಚಿಕಿತ್ಸೆಯೂ ಮುಗಿದಿದ್ದರಿಂದ ನಿಂಬೆಹಣ್ಣೂ ನಿಂತಿತು. ಮದುವೆಯ ಅಡುಗೆಗೆ ಬೇಕೆಂದು ಮನೆಯ ತಾಮ್ರವನ್ನೆಲ್ಲ ಹೊರಗೆ ತೆಗೆದು, ಬೀದಿಗೆ ಬಂದ ಕಲಾಯಿಯವನ ಕೈಯಲ್ಲಿ ಹೊಸ ಕಲಾಯಿ ಹಾಕಿಸಿದರು. ಹಂಡೆಯ ಒಳಗು ಬೆಳ್ಳಿಯಂತೆ ಹೊಳೆಯಿತು. ಚಿಕ್ಕಪ್ಪನ ವಾಂತಿ ನಿಂತಿತು. ಮುದ್ದೆ ಕೇಳಿ ಹಾಕಿಸಿಕೊಂಡು ತಿನ್ನತೊಡಗಿದ. ಮದುವೆಯ ಹೊತ್ತಿಗೆ ಕೆನ್ನೆ ತುಂಬಿಕೊಂಡಿತ್ತು. ಅವಳು ಹೋದಳು, ಇವನು ವಾಸಿಯಾದ. ನಮ್ಮ ಸಾಲಿನಲ್ಲಿ ಅದಕ್ಕಿಂತ ದೊಡ್ಡ ಸಾಕ್ಷಿ ಯಾರಿಗೂ ಬೇಕಿರಲಿಲ್ಲ.

ಮದುವೆ ಹಳೆಯದಾದ ಮೇಲೆ ಕೊಳವೆ ಅಟ್ಟದಿಂದ ಇಳಿಯಿತು. ವರ್ಷಗಳು ಕಳೆದು, ಹೊಸ ಕಲಾಯಿಯೂ ಸವೆದು, ಚಿಕ್ಕಪ್ಪ ಕಣ್ಣು ಹಳದಿಯಾಗಿ, ಹೊಟ್ಟೆ ಊದಿ ಸತ್ತ. ಅದು ಕುಡಿತವೋ, ತಾಮ್ರವೋ, ಎರಡೂ ಸೇರಿಯೋ, ನಾನು ಹೇಳಲಾರೆ. ಯಾರೂ ಪರೀಕ್ಷೆ ಮಾಡಿಸಲಿಲ್ಲ. ಹೆಣದ ಮುಂದೆ ಅಜ್ಜಿ ಶಪಿಸಿದ್ದು ಎರಡನೆಯ ಸೊಸೆಯನ್ನಲ್ಲ, ಬೇತಮಂಗಲದವಳನ್ನು. ಬೇರು ಒಳಗೇ ಉಳಿದಿತ್ತು ಎಂದಳು.

ನಾನು ಆ ಹೊತ್ತಿಗೆ ಕೋಲಾರದಲ್ಲಿ ಪತ್ರಿಕೆಯ ಕೆಲಸಕ್ಕೆ ಸೇರಿ, ಒಂದು ಕೋಣೆ ಮಾಡಿಕೊಂಡಿದ್ದೆ. ಅಮ್ಮ ಕೊಟ್ಟ, ಕಲಾಯಿಯಿಲ್ಲದ ತಾಮ್ರದ ಚೊಂಬೊಂದು ಜೊತೆಗಿತ್ತು. ಒಂದು ಸಂಜೆ ಶರಬತ್ತಿಗೆಂದು ಅದಕ್ಕೆ ನಿಂಬೆಹಣ್ಣು ಹಿಂಡಿ, ಉಪ್ಪು ಹಾಕಿ, ಸುದ್ದಿಯೊಂದರ ಬೆನ್ನು ಹತ್ತಿ ಹೋದವಳು ಮರೆತುಬಿಟ್ಟೆ. ಮರುದಿನ ಚೆಲ್ಲಲು ಹೋದಾಗ ನೀರು ಹಸಿರಾಗಿತ್ತು. ಕೋಣೆಯಲ್ಲಿ ರೋಗಿಯಿರಲಿಲ್ಲ, ಸೊಸೆಯಿರಲಿಲ್ಲ. ಮತ್ತೊಮ್ಮೆ ಮಾಡಿ ನೋಡಿದೆ, ಪಕ್ಕದ ಮನೆಯವರ ಚೊಂಬಿನಲ್ಲೂ ಮಾಡಿ ನೋಡಿದೆ. ಪರಿಚಯದ ರಸಾಯನಶಾಸ್ತ್ರದ ಮೇಷ್ಟ್ರನ್ನು ಕೇಳಿದರೆ, ತಾಮ್ರಕ್ಕೆ ಹುಳಿ ಉಪ್ಪು ಬಿದ್ದರೆ ಇನ್ನೇನಾಗುತ್ತಮ್ಮ ಎಂದು ನಕ್ಕರು. ಆ ವಾರವೇ ನಂದಿದುರ್ಗಕ್ಕೆ ಹೋಗಿ, ಅಜ್ಜಿಯ ಮುಂದೆ ಕೂತು ಎಲ್ಲವನ್ನೂ ಬಿಡಿಸಿ ಹೇಳಿದೆ. ಹಾಸಿಗೆ ಹಿಡಿದಿದ್ದಳು, ಆದರೆ ಬುದ್ಧಿ ಚುರುಕಾಗಿತ್ತು. ಕೊನೆಯವರೆಗೂ ಕೇಳಿಸಿಕೊಂಡಳು.

"ನಿನ್ ರೂಮಿನಾಗೂ ನೀರು ಅಸಿರಾಯ್ತಾ?"

"ಹೂಂ ಅಜ್ಜಿ."

"ಅಂಗಾರೆ ಆ ರೂಮಿಗೆ ಯಾರ್ಯಾರು ಬತ್ತಾರೆ, ಮೊದ್ಲು ಅದನ್ನ ಯೋಳು."

ಬೇತಮಂಗಲಕ್ಕೆ ಹೋದದ್ದು ಅದಾದ ಮೇಲೆ. ನಾಗು ಚಿಕ್ಕಮ್ಮ ಅಣ್ಣನ ಮನೆಯಲ್ಲೇ ಇದ್ದಳು. ಟೊಮೆಟೊ ತೋಟದ ಕೂಲಿ ಮುಗಿಸಿ ಬಂದು ಅಂಗಳದಲ್ಲಿ ಕಾಲು ತೊಳೆಯುತ್ತಿದ್ದಳು. ನನ್ನ ಗುರುತು ಹಿಡಿದಳು. ನನ್ನನ್ನು ಒಳಗೆ ಕರೆಯಲಿಲ್ಲ. ಅಂಗಳದ ಕಲ್ಲಿನ ಮೇಲೆ ಕೂರಿಸಿ ತಾನು ದೂರದಲ್ಲಿ ನಿಂತಳು. ಚಿಕ್ಕಪ್ಪ ತೀರಿಹೋದ ವಿಷಯ ಹೇಳಿದೆ.

"ಗೊತ್ತಮ್ಮ. ಬಸ್ಸಿನಾಗೆ ಯಾರೋ ಅಂದ್ರು. ಬಳೆ ತಗೀಬೇಕಾ ಬ್ಯಾಡ್ವಾ ಅಂತ ಅಣ್ಣನ್ನ ಕೇಳ್ದೆ. ಅವನ್ಗೂ ಗೊತ್ತಾಗ್ಲಿಲ್ಲ."

ನಿಂಬೆಹಣ್ಣಿನ ವಿಷಯ ಹೇಳಿದೆ. ಅವಳು ನನ್ನ ಬಾಯಿಯನ್ನೇ ನೋಡುತ್ತಿದ್ದಳು.

"ಬರೀ ನಿಂಬೆಹಣ್ಣಾ?"

"ಹೂಂ ಚಿಕ್ಕಮ್ಮ. ಯಾರ ಮನೆಯ ತಾಮ್ರದಲ್ಲಿ ಇಟ್ಟರೂ ಹಾಗೇ ಆಗುತ್ತೆ."

"ನಾನು ವಾಂತಿ ಮಾಡ್ಕಂಡಿದ್ದು?"

"ಅದನ್ನ ಯಾರು ಕುಡಿದ್ರೂ ಆಗ್ತಿತ್ತು. ಅಜ್ಜಿ ಕುಡಿದಿದ್ರೂ."

ಅವಳು ಅಲ್ಲೇ ಕುಕ್ಕರಗಾಲಲ್ಲಿ ಕೂತಳು.

"ಆ ಅಂಡೆ ಕಲಾಯಿ ಇಸ್ಯ ನಂಗೊತ್ತಿತ್ತಮ್ಮ. ಆದ್ರೆ ಆ ಚೊಂಬು ಕುಡ್ದು ವಾಂತಿ ಆದ್ಮೇಲೆ ನಂಗೇ ಅನುಮಾನ ಬಂದ್ಬಿಡ್ತು. ಗೊತ್ತಿಲ್ದಂಗೆ ನಾನೇ ಏನಾರ ಆಕಿದ್ನಾ? ಸೊಪ್ಪಿನಾಗೆ ಏನಾರ ಬ್ಯಾರೆ ಸೊಪ್ಪು ಬಂದಿತ್ತಾ? ಇಷ್ಟು ವರ್ಸ ಅಲ್ಲಿ ಮಾಡಿದ್ ಒಂದೊಂದ್ ಸಾರೂ ಗ್ಯಾಪಿಸ್ಕಂಡು ನೋಡಿದೀನಿ. ನಮ್ಮಣ್ಣನ್ ಮಕ್ಳಿಗೆ ಒಂದ್ ತುತ್ತು ಕೊಟ್ಟಿಲ್ಲ ನಾನು."

ಇದನ್ನು ಪತ್ರಿಕೆಯಲ್ಲಿ ಬರೆಯುತ್ತೇನೆ, ಹೆಸರು ಹಾಕುವುದಿಲ್ಲ ಎಂದೆ.

"ಬ್ಯಾಡ. ಮರ್ತಿರೋರ್ಗೂ ಗ್ಯಾಪ್ನ ಬತ್ತೈತೆ."

ನನಗೆ ಬಾಯಾರಿತ್ತು. ಕೇಳುವ ಮೊದಲೇ ಅವಳಿಗೆ ಅದು ತಿಳಿಯಿತು. ಎದ್ದು, ಒಳಗಿದ್ದ ಅತ್ತಿಗೆಯನ್ನು ಕೂಗಿದಳು:

"ಸರೋಜಮ್ಮಾ, ಪಾಪಂಗೆ ಒಸಿ ನೀರು ತಂದ್ಕೊಡು."

"ನೀವೇ ಕೊಡಿ ಚಿಕ್ಕಮ್ಮ."

"ಬ್ಯಾಡಮ್ಮ. ಓಗೋವಾಗ ಬಸ್ಸಿನಾಗೆ ನಿಂಗೆ ಒಟ್ಟೆ ತೊಳಸುದ್ರೆ ಅದೂ ನನ್ ತಲೆಮೇಲೇ ಬತ್ತೈತೆ."

ಸರೋಜಮ್ಮ ಸ್ಟೀಲಿನ ಲೋಟದಲ್ಲಿ ನೀರು ತಂದರು. ನಾನು ಕುಡಿದು ಲೋಟ ಕೆಳಗಿಡುವವರೆಗೂ ಚಿಕ್ಕಮ್ಮ ಹತ್ತಿರ ಬರಲಿಲ್ಲ. ಅಂಗಳದ ಆ ತುದಿಯಲ್ಲಿ, ಎರಡೂ ಕೈಗಳನ್ನು ಅತ್ತಿಗೆಗೆ ಕಾಣುವ ಹಾಗೆ ಮುಂದೆ ಇಟ್ಟುಕೊಂಡು, ನಿಂತೇ ಇದ್ದಳು.